ಹೂಂಗುಟ್ಟುವವನು

ಹೆಂಡತಿ ಗೇಟು ದಾಟಿ ಬಲಕ್ಕೆ ತಿರುಗಿದ್ದನ್ನು ಕಿಟಕಿಯಿಂದ ನೋಡಿದ ಮೇಲೂ ಅವನು ಐದು ನಿಮಿಷ ಪರದೆ ಹಿಡಿದುಕೊಂಡೇ ನಿಂತಿದ್ದ. ಏನನ್ನಾದರೂ ಮರೆತು ಅರ್ಧ ದಾರಿಯಿಂದ ವಾಪಸು ಬರುವುದು ಅವಳ ಅಭ್ಯಾಸ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಬೇರೆಯವರ ಮೂಗಿನ ಮೇಲೆ ಕನ್ನಡಕ ಕೂರಿಸುವ ಅವಳು ತನ್ನದನ್ನು ಬಚ್ಚಲಿನ ಗೂಡಿನಲ್ಲಿ ಬಿಟ್ಟು ಹೋಗುವವಳು. ಇವತ್ತು ಬರಲಿಲ್ಲ. ಅವನು ಮಲಗುವ ಕೋಣೆಗೆ ಬಂದು, ಬೀರುವಿನ ಬಾಗಿಲನ್ನು ಸದ್ದಾಗದಂತೆ ತೆರೆದು, ಇಸ್ತ್ರಿ ಮಾಡಿ ತೂಗುಹಾಕಿದ್ದ ಅಂಗಿಗಳನ್ನು ಪಕ್ಕಕ್ಕೆ ಸರಿಸಿದ. ಕೆಳಗಿನ ಅಂಕಣದಲ್ಲಿ ಗೇಣುದ್ದದ ಕಪ್ಪು ಪೆಟ್ಟಿಗೆ ಒಂದು ಹಸಿರು ದೀಪ ಹೊತ್ತಿಸಿಕೊಂಡು ತನ್ನ ಪಾಡಿಗೆ ತಾನು ಗುಂಯ್‌ಗುಡುತ್ತಿತ್ತು. ಮಾರಿದವನು ಅದನ್ನು ಹೋಮ್ ಸರ್ವರ್ ಎಂದಿದ್ದ, ಮನೆಯಲ್ಲಿ ಅದು ಬರೀ ಪೆಟ್ಟಿಗೆ. ತನ್ನ ಮನೆ, ತನ್ನ ಬೀರು, ತಾನೇ ತಂದಿಟ್ಟ ಪೆಟ್ಟಿಗೆ; ಆದರೂ ಕದಿಯಲು ಬಂದವನ ಹಾಗೆ ಎದೆ ಹೊಡೆದುಕೊಳ್ಳುತ್ತಿತ್ತು. ಐವತ್ತಮೂರು ವರ್ಷದ, ಊರಿನ ಅರ್ಧದಷ್ಟು ಲಿಫ್ಟುಗಳಿಗೆ ಯೋಗ್ಯವೆಂದು ಸರ್ಟಿಫಿಕೇಟು ಕೊಡುವ ಇನ್‌ಸ್ಪೆಕ್ಟರು ತಾನು, ಶನಿವಾರದ ರಜೆಯಲ್ಲಿ ಹೆಂಡತಿಯ ಕಣ್ಣು ತಪ್ಪಿಸಿ ಅಂಗಿಗಳ ಹಿಂದೆ ಮಂಡಿಯೂರಿ ಕೂತಿದ್ದೇನೆ ಎಂದು ನೆನೆದು ಅವನಿಗೆ ನಗುವೂ ಬಂತು, ನಾಚಿಕೆಯೂ ಆಯಿತು.

ಪೆಟ್ಟಿಗೆಯಲ್ಲಿ ಇದ್ದದ್ದು ಎಲ್ಲರ ಮನೆಯಲ್ಲೂ ಇರುವಂಥದ್ದೇ: ಫೋಟೋಗಳು, ಗ್ಯಾರಂಟಿ ಕಾರ್ಡುಗಳ ಪ್ರತಿ, ಒಮ್ಮೆಯೂ ಪೂರ್ತಿ ನೋಡದ ಮದುವೆಯ ವಿಡಿಯೋ. ಜೊತೆಗೆ ಹೆಂಡತಿಯದೊಂದು ಫೋಲ್ಡರು, ಅದರೊಳಗೆ ಅವಳ ತಮ್ಮನ ದನಿ. ಭಾವಮೈದ ಹಳೆ ಸಾಮಾನುಗಳ ಹರಾಜು ಕೂಗುತ್ತಿದ್ದವನು. ಕಾಲು ಮುರಿದ ಕುರ್ಚಿಯನ್ನೂ ಅರಮನೆಯಿಂದ ಬಂದದ್ದೆಂದು ನಂಬಿಸುವ ಬಾಯಿ. ಮನೆಯವರು ಅವನಿಗೆ ರೇಡಿಯೋ ಎಂದು ಹೆಸರಿಟ್ಟಿದ್ದರು. ಎರಡು ವರ್ಷದಿಂದ ಯಾರೂ ಹಾಗೆ ಕರೆಯುವುದಿಲ್ಲ. ಒಂದು ಮಧ್ಯಾಹ್ನ ಯಾವುದೋ ಕಪಾಟಿಗೆ ಎರಡನೇ ಸಲ ಎಂದು ಕೂಗಿ, ಮೂರನೆಯದಕ್ಕೆ ಬಾಯಿ ತೆರೆದವನು ನಿಂತಲ್ಲೇ ಕುಸಿದುಬಿದ್ದ. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಆಮೇಲೆ ಬಲಗೈ, ಬಲಗಾಲು ಅರ್ಧಂಬರ್ಧ ಮರಳಿದವು, ಬುದ್ಧಿ ಮೊದಲಿನಷ್ಟೇ ಚುರುಕಾಗಿ ಉಳಿಯಿತು. ಮಾತು ಮಾತ್ರ ವ್ಯಂಜನಗಳೆಲ್ಲ ಸವೆದುಹೋಗಿ ಬರೀ ಸ್ವರಗಳಾಯಿತು. ಕಿಟಕಿ ಎಂದರೆ ಇಅಇ, ಬಾಗಿಲು ಎಂದರೆ ಆಇಉ. ಒಂಟಿಯಾಗಿದ್ದವನನ್ನು ಅಕ್ಕ ತನ್ನ ಮನೆಗೇ ಕರೆತಂದಳು. ಮಾತು ಕಲಿಸಲು ಬರುತ್ತಿದ್ದ ಥೆರಪಿಸ್ಟ್ ಆರು ತಿಂಗಳಾದ ಮೇಲೆ ಬ್ಯಾಗು ಮುಚ್ಚುತ್ತಾ, ಇನ್ನು ಹೆಚ್ಚೇನೂ ನಿರೀಕ್ಷಿಸಬೇಡಿ ಎಂದು ಹೇಳಿ ಹೋದ. ಅವತ್ತೇ ಸಂಜೆ ಹೆಂಡತಿ ಒಂದು ಫೈಲು ತೆಗೆದು, ಪಟ್ಟಿ ಎಳೆದು, ಅವನು ಬಿಟ್ಟಲ್ಲಿಂದ ತಾನು ಶುರುಮಾಡಿದಳು. ದಿನಾ ಇಪ್ಪತ್ತು ನಿಮಿಷ. ಹೇಳಬೇಕಾದ್ದು ಒಂದು ಕಡೆ, ಹೇಳಿದ್ದು ಇನ್ನೊಂದು ಕಡೆ, ದನಿ ಪೆಟ್ಟಿಗೆಯೊಳಗೆ.

ಅವಳಿಗೆ ತಮ್ಮನ ಮಾತು ಅರ್ಥವಾಗುತ್ತಿತ್ತು. ಅವಳ ಗಂಡನಿಗೆ ಒಂದಕ್ಷರವೂ ಅರ್ಥವಾಗುತ್ತಿರಲಿಲ್ಲ. ಇದನ್ನು ಮೊದಲ ವಾರವೇ ಹೇಳಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಮೊದಲ ದಿನ ಭಾವಮೈದ ಅವನತ್ತ ತಿರುಗಿ ಏನೋ ಉದ್ದಕ್ಕೆ ಹೇಳಿ, ಕಣ್ಣರಳಿಸಿ ಕಾದಾಗ, ಅಷ್ಟು ಕಷ್ಟಪಟ್ಟು ಹೇಳಿದವನ ಮುಖಕ್ಕೆ ತಿಳಿಯಲಿಲ್ಲ ಎನ್ನಲು ಮನಸ್ಸು ಬಾರದೆ, 'ಹೂಂ, ಖಂಡಿತ' ಎಂದುಬಿಟ್ಟ. ಪಕ್ಕದಲ್ಲಿದ್ದ ಹೆಂಡತಿಯ ಮುಖ ಊರಗಲವಾಯಿತು. 'ನೋಡಿದ್ಯಾ, ಭಾವಂಗೂ ಗೊತ್ತಾಗುತ್ತೆ' ಎಂದು ತಮ್ಮನಿಗೆ ಹೇಳಿದಳು. ಅಲ್ಲಿಂದ ಹಿಂದೆ ಸರಿಯಲು ದಾರಿಯಿರಲಿಲ್ಲ. ಎರಡು ವರ್ಷ ಹೂಂಗುಟ್ಟಿದ. ಅವಳು ಅಡುಗೆಮನೆಯಿಂದ ಏನಂತೆ ಎಂದು ಕೂಗಿದರೆ, ಟೀವಿ ವಿಷಯ, ಸೆಕೆಯಂತೆ, ಕಾಲುನೋವಂತೆ ಎಂದು ಬಾಯಿಗೆ ಬಂದದ್ದು ಹೇಳಿದ. ವಿಚಿತ್ರವೆಂದರೆ ಅಕ್ಕನ ಮುಂದೆ ಪಟ್ಟಿಯಲ್ಲಿದ್ದಷ್ಟನ್ನೇ ಒಪ್ಪಿಸುತ್ತಿದ್ದ ಭಾವಮೈದ, ಅವಳು ಮನೆಯಲ್ಲಿಲ್ಲದ ಶನಿವಾರಗಳಲ್ಲಿ ಅವನೊಡನೆ ಗಂಟೆಗಟ್ಟಲೆ ಮಾತಾಡುತ್ತಿದ್ದ. ಪಾಪ, ನನ್ನನ್ನು ನಂಬಿದ್ದಾನೆ, ನಾನು ಮೋಸ ಮಾಡುತ್ತಿದ್ದೇನೆ ಎಂದು ಅವನಿಗೆ ಒಳಗೊಳಗೇ ಕೊರೆಯುತ್ತಿತ್ತು. ಕಳೆದ ಶನಿವಾರ ಹಾಗೆ ಮಾತಾಡುತ್ತಾ ಭಾವಮೈದ ಒಂದು ಕಡೆ ನಿಲ್ಲಿಸಿದ. ಇವನು ತಲೆಯಾಡಿಸಿ ಹೂಂ, ಖಂಡಿತ ಎಂದ. ಭಾವಮೈದ ಅವನನ್ನೇ ಬಹಳ ಹೊತ್ತು ನೋಡಿ, ಎಡಗೈ ಚಾಚಿ, ಅವನ ಮೊಣಕಾಲು ತಟ್ಟಿದ. ಸಮಾಧಾನ ಹೇಳುವವರು ತಟ್ಟುವ ಹಾಗೆ. ಯಾವುದಕ್ಕೆ ಸಮಾಧಾನ? ತಾನು ಯಾವುದಕ್ಕೆ ಖಂಡಿತ ಎಂದದ್ದು? ಆ ವಾರವೆಲ್ಲ ಆ ಮೊಣಕಾಲು ಬೇರೆಯವರದೇನೋ ಎನ್ನುವಂತೆ ಅವನ ಜೊತೆ ಓಡಾಡಿತು.

ಆ ತಂತ್ರಾಂಶ ಸಿಕ್ಕಿದ್ದು ಮಂಗಳವಾರ, ಆಫೀಸಿನಲ್ಲಿ, ಊಟದ ಬಿಡುವಿನಲ್ಲಿ. ತೊದಲು ಮಾತನ್ನು ಕೇಳಿ ಅಕ್ಷರಕ್ಕಿಳಿಸುವುದು, ಯಾವ ಭಾಷೆಯಾದರೂ ಸರಿ, ಕಲಿಸಿದರೆ ಕಲಿಯುತ್ತದೆ. ಯಾರೋ ಒಬ್ಬ ತನ್ನ ತಂದೆಗಾಗಿ ಆರು ವರ್ಷದ ಹಿಂದೆ ಬರೆದದ್ದು. ಎರಡು ವರ್ಷ ತಿದ್ದಿ ತೀಡಿ ಆಮೇಲೆ ಕೈಬಿಟ್ಟಿದ್ದ. ಕೊನೆಯ ಟಿಪ್ಪಣಿ ಎರಡೇ ಸಾಲು: ಇನ್ನು ಇದನ್ನು ನಾನು ನೋಡಿಕೊಳ್ಳುವುದಿಲ್ಲ, ಬಳಸುವವರು ತಮ್ಮ ಹೊಣೆಯಲ್ಲಿ ಬಳಸಿ. ತಂದೆ ತೀರಿಕೊಂಡರೋ, ಅವರ ಮಾತು ಸರಿಹೋಯಿತೋ, ಬರೆದಿರಲಿಲ್ಲ. ಪೆಟ್ಟಿಗೆಯ ಕಂಪನಿಯ ಒಪ್ಪಿಗೆಯ ಪಟ್ಟಿಯಲ್ಲಂತೂ ಅದರ ಹೆಸರೇ ಇರಲಿಲ್ಲ. ಮರುದಿನವೇ ಅವನು ಒಂದು ಏಳಂತಸ್ತಿನ ಕಟ್ಟಡದ ಲಿಫ್ಟಿಗೆ ಸೀಲು ಹಾಕಿ ಬಂದಿದ್ದ, ಬಾಗಿಲ ಬೀಗದಲ್ಲಿ ಕಂಪನಿಯದಲ್ಲದ ಒಂದು ತುಣುಕು ಇದ್ದದ್ದಕ್ಕೆ. ಲಿಫ್ಟಿನ ಮೆಕ್ಯಾನಿಕ್ ಕೈಯೊರೆಸಿಕೊಳ್ಳುತ್ತಾ, 'ಸಾರ್, ಆ ಪಾರ್ಟ್ ಮಾಡೋದನ್ನ ಕಂಪನಿಯವರೇ ನಿಲ್ಲಿಸಿದ್ದಾರೆ. ನಾನು ಲೇಥಲ್ಲಿ ಮಾಡಿಸಿದ್ದು ಅದಕ್ಕಿಂತ ಗಟ್ಟಿ ಇದೆ, ಬೇಕಾದ್ರೆ ನೀವೇ ಹತ್ತಿ ನೋಡಿ' ಎಂದಿದ್ದ. ಗಟ್ಟಿ ಇದ್ದದ್ದು ನಿಜ. ಆರನೇ ಮಹಡಿಯ ಮುದುಕಿಯೊಬ್ಬಳು ತರಕಾರಿ ಚೀಲ ಹಿಡಿದು ಕೆಳಗೇ ನಿಂತಿದ್ದಳು. 'ನೀವು ಬೀಗ ಜಡಿದು ಹೊರಟ್ರಿ. ನಾನು ಮೇಲೆ ಹೆಂಗಪ್ಪಾ ಹೋಗ್ಲಿ?' ಎಂದಳು. ರೂಲ್ಸಮ್ಮ, ಎಂದ. ಚೀಲವನ್ನಾದರೂ ಎತ್ತಿಕೊಂಡು ಆರು ಮಹಡಿ ಹತ್ತಿಕೊಡಬಹುದಿತ್ತು. ಎತ್ತಿಕೊಡಲಿಲ್ಲ. ಈಗ ಬೀರುವಿನ ಮುಂದೆ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತಾಗ, ತೆರೆಯ ಮೇಲೆ ಕೆಂಪಕ್ಷರದಲ್ಲಿ ಈ ತಂತ್ರಾಂಶಕ್ಕೆ ಬೆಂಬಲವಿಲ್ಲ, ಇದರಿಂದ ನಿಮ್ಮ ಮಾಹಿತಿ ನಷ್ಟವಾಗಬಹುದು ಎಂದು ಮೂಡಿದಾಗ, ಅವನಿಗೆ ಆ ಮುದುಕಿಯ ಮುಖ ನೆನಪಾಯಿತು. ಅರ್ಥವಾಗಿದೆ ಎಂಬುದರ ಮುಂದಿನ ಚೌಕಕ್ಕೆ ಗುರುತು ಹಾಕಿ ಮುಂದುವರಿದ.

ಎರಡನೇ ಎಚ್ಚರಿಕೆ ಬಂತು, ಅದಕ್ಕೂ ಒಪ್ಪಿದ. ಪೆಟ್ಟಿಗೆಯಲ್ಲಿದ್ದ ಹೊಸ ಕಡತವೊಂದನ್ನು ತೆಗೆದು ಅದರ ಜಾಗದಲ್ಲಿ ಆರು ವರ್ಷ ಹಿಂದಿನದನ್ನು ಕೂರಿಸಬೇಕಿತ್ತು, ಕೂರಿಸಿದ. ಮೂರನೆಯದಕ್ಕೆ ಪೆಟ್ಟಿಗೆ ತಾನಾಗಿಯೇ ಆರಿ, ಮತ್ತೆ ಹೊತ್ತಿಕೊಳ್ಳಲು ಹೋಗಿ, ನಿಂತುಬಿಟ್ಟಿತು. ಹಸಿರು ದೀಪ ಹೋಗಿ ಕಿತ್ತಳೆ ದೀಪ ಬಂತು. ಫ್ಯಾನು ಜೋರಾಗಿ ತಿರುಗಿತು, ಲ್ಯಾಪ್‌ಟಾಪಿನಲ್ಲಿ ಪೆಟ್ಟಿಗೆ ಕಾಣಿಸುತ್ತಿಲ್ಲ ಎಂದು ಬಂತು. ಇರಲಿ, ಕಾಪಿ ತೆಗೆದಿದ್ದೇನಲ್ಲ ಎಂದುಕೊಂಡು ಪಕ್ಕದಲ್ಲಿದ್ದ ಹಾಳೆ ನೋಡಿದ. ಮಾಡಬೇಕಾದ ಹನ್ನೊಂದು ಕೆಲಸ ಬರೆದುಕೊಂಡಿದ್ದ. ಮೊದಲನೆಯದೇ ರೆಕಾರ್ಡಿಂಗುಗಳ ಕಾಪಿ, ಅದರ ಮುಂದೆ ಗುರುತೂ ಇತ್ತು. ಆದರೆ ಗುರುತು ಇನ್ನೂ ಮಾಡದ ಹನ್ನೊಂದನೆಯದರ ಮುಂದೆಯೂ ಇತ್ತು. ಇಪ್ಪತ್ತೆಂಟು ವರ್ಷದ ಸರ್ವೀಸಿನಲ್ಲಿ ಅವನ ಕೆಲಸದ ಕ್ರಮವೇ ಅದು: ಲಿಫ್ಟ್ ನೋಡಲು ಹೋದವನು ಕೆಳಗೆ ನೆರಳಲ್ಲಿ ನಿಂತು ತಪಾಸಣೆಯ ಪಟ್ಟಿಯ ಇಪ್ಪತ್ತಾರೂ ಚೌಕಗಳಿಗೆ ಒಟ್ಟಿಗೆ ಸರಿ ಗುರುತು ಹಾಕಿಬಿಡುವುದು, ಆಮೇಲೆ ಮೋಟಾರ್ ರೂಮಿಗೆ ಹತ್ತಿ ಒಂದೊಂದಾಗಿ ನೋಡುತ್ತಾ ಬಂದು, ತಪ್ಪಿದ್ದಲ್ಲಿ ಹೊಡೆದುಹಾಕುವುದು. ಮೇಲೆ ಗ್ರೀಸಿನ ಕೈಯಲ್ಲಿ ಪೆನ್ನು ಹಿಡಿಯುವ ರಗಳೆ ತಪ್ಪುತ್ತದೆಂದು ಶುರುವಾದದ್ದು. ಅಲ್ಲಿ ನಡೆಯುತ್ತಿತ್ತು. ಇಲ್ಲಿ ರಾತ್ರಿಯೇ ಪಟ್ಟಿ ಬರೆದು, ರಾತ್ರಿಯೇ ಗುರುತು ಹಾಕಿ, ಬೆಳಿಗ್ಗೆ ಎದ್ದು ಗುರುತನ್ನು ನಂಬಿದ್ದ. ಕಾಪಿ ತೆಗೆದೇ ಇರಲಿಲ್ಲ.

ಹಾಲಿನಿಂದ ಭಾವಮೈದ ಕೂಗಿದ. ಅವನು ಎದ್ದು ಹೋದ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಭಾವಮೈದ ನೆಲದತ್ತ ಬೆರಳು ತೋರಿಸುತ್ತಿದ್ದ. ಬೆರಳಿಗೆ ಶಕ್ತಿ ಬರಲೆಂದು ಹಿಸುಕುವ ರಬ್ಬರ್ ಚೆಂಡು ಮೇಜಿನ ಕೆಳಗೆ ಉರುಳಿತ್ತು. ಎತ್ತಿಕೊಟ್ಟ. ಭಾವಮೈದ ಏನೋ ಹೇಳಿದ. ಹೂಂ, ಖಂಡಿತ, ಎಂದ. ಐನೂರ ಹದಿನೆಂಟು ದಿನದ ನಿನ್ನ ದನಿ ಈಗಷ್ಟೇ ನನ್ನ ಕೈಯಲ್ಲಿ ಹೋಯಿತೋ ಏನೋ, ಎಂದು ಅವನಿಗೆ ಹೇಳಬೇಕೆನಿಸಿತು. ಹೇಳಲಿಲ್ಲ. ವಾಪಸು ಬಂದು ಬೀರುವಿನ ಮುಂದೆ ಗೋಡೆಗೊರಗಿ ಕೂತ. ಕಿತ್ತಳೆ ದೀಪವನ್ನೇ ನೋಡುತ್ತಾ, ಸಂಜೆ ಹೆಂಡತಿಗೆ ಏನು ಹೇಳುವುದೆಂದು ಯೋಚಿಸಿದ. ಪೆಟ್ಟಿಗೆ ತಾನಾಗಿಯೇ ಕೆಟ್ಟಿತು ಎನ್ನಬಹುದು. ಅವಳು ನಂಬುತ್ತಾಳೆ; ಈ ಮನೆಯಲ್ಲಿ ಅವಳು ತನ್ನನ್ನು ನಂಬದೇ ಇದ್ದದ್ದು ಯಾವಾಗ? ಮದುವೆಯಾದ ಹೊಸದರಲ್ಲಿ ಅವಳು ಒಮ್ಮೆ ಅವನ ಜೊತೆ ಮೋಟಾರ್ ರೂಮಿಗೆ ಬಂದಿದ್ದಳು. ದಪ್ಪ ಹಗ್ಗಗಳು ಚಕ್ರದ ಮೇಲೆ ಸರಿದಾಡುವುದನ್ನು ನೋಡಿ, ಇದೆಲ್ಲ ನೀವು ಕೈಯಿಂದ ಮುಟ್ಟಿ ನೋಡ್ತೀರಾ, ಒಂದೊಂದೂನಾ, ಎಂದು ಕೇಳಿದ್ದಳು. ಹೂಂ ಎಂದಿದ್ದ. ಈಗ ಬೀರುವಿನ ಮುಂದೆ ಮುಕ್ಕಾಲು ಗಂಟೆ ಹಾಗೇ ಕೂತ. ದೀಪ ಯಾವಾಗ ಬದಲಾಯಿತೋ ಅವನು ಕಾಣಲಿಲ್ಲ. ಕಣ್ಣೊರೆಸಿಕೊಂಡು ನೋಡಿದಾಗ ಹಸಿರಾಗಿತ್ತು. ಫೋಲ್ಡರು ತೆರೆದು ಎಣಿಸಿದ. ಐನೂರ ಹದಿನೆಂಟು. ಮೊದಲನೆಯದನ್ನು ಕೇಳಿದ, ಕೊನೆಯದನ್ನು ಕೇಳಿದ, ಮಧ್ಯದಲ್ಲಿ ಅಲ್ಲಲ್ಲಿ ಕೇಳಿದ. ಎಲ್ಲ ಇದ್ದವು. ಹೊಸ ತಂತ್ರಾಂಶವೂ ಒಂದು ಮೂಲೆಯಲ್ಲಿ ತೆರೆದುಕೊಂಡು, ಕಲಿಸಿ ಎಂದು ಕಾಯುತ್ತಿತ್ತು.

ಕನಿಷ್ಠ ನೂರೈವತ್ತು ತುಣುಕು ಬೇಕೆಂದು ಅದು ಕೇಳಿತು: ದನಿ ಒಂದು ಕಡೆ, ಅದೇನೆಂದು ಬರೆದದ್ದು ಇನ್ನೊಂದು ಕಡೆ. ಹೆಂಡತಿಯ ಫೈಲನ್ನು ಪಕ್ಕದಲ್ಲಿಟ್ಟುಕೊಂಡು, ಕಿವಿಗೆ ಹೆಡ್‌ಫೋನು ಹಾಕಿ, ಅವನು ಹನ್ನೊಂದು ಗಂಟೆಗೆ ಶುರುಮಾಡಿದ. ಆಇಉ, ಬಾಗಿಲು. ಇಅಇ, ಕಿಟಕಿ. ಅವಳ ದುಂಡಗಿನ ಅಕ್ಷರ ನೋಡುತ್ತಾ, ಒಂದೊಂದನ್ನೂ ಮೂರು ನಾಲ್ಕು ಸಲ ಕೇಳಿ ಟೈಪು ಮಾಡಿದ. ಇಷ್ಟು ವರ್ಷ ಅದೇ ಮನೆಯಲ್ಲಿದ್ದೂ ಈ ಇಪ್ಪತ್ತು ನಿಮಿಷದ ಹೊತ್ತಿಗೆ ಅವನು ಯಾವಾಗಲೂ ಪೇಪರು ಹಿಡಿದು ಬಾಲ್ಕನಿಗೆ ಹೋಗಿಬಿಡುತ್ತಿದ್ದ. ಹೆಂಡತಿಯ ದನಿ ಇಷ್ಟು ತಾಳ್ಮೆಯದೆಂದು ಅವನಿಗೆ ಗೊತ್ತಿರಲಿಲ್ಲ. 'ಅವಸರ ಇಲ್ಲ. ತುಟಿ ಮುಚ್ಚಿ ಆಮೇಲೆ ಬಿಡು. ಬಾ. ಇನ್ನೊಂದ್ಸಲ.' ತನ್ನೊಡನೆ ಜಗಳವಾಡಿದ ದಿನಗಳಲ್ಲೂ, ಜ್ವರ ಬಂದ ದಿನಗಳಲ್ಲೂ ಅದೇ ದನಿ. ಒಂದು ರೆಕಾರ್ಡಿಂಗಿನಲ್ಲಿ ದೂರದಿಂದ ಯಾರೋ ಹೂಂ, ಖಂಡಿತ ಎಂದದ್ದು ಕೇಳಿಸಿತು. ಯಾವನಿವನು ಇಷ್ಟು ಉದಾಸೀನವಾಗಿ ಮಾತಾಡುವವನು ಎಂದುಕೊಂಡ. ತಾನೇ ಎಂದು ಹೊಳೆದಾಗ ಹೆಡ್‌ಫೋನು ತೆಗೆದು ಸ್ವಲ್ಪ ಹೊತ್ತು ಕಿವಿ ಉಜ್ಜಿಕೊಂಡ.

ಒಂದು ಗಂಟೆಗೆ ಊಟಕ್ಕೆ ಎದ್ದ. ಭಾವಮೈದನಿಗೆ ಚಮಚದಲ್ಲಿ ತಿನ್ನಲು ಬರುತ್ತಿತ್ತು, ಕುಡಿಯುವುದೇ ಕಷ್ಟ. ತೆಳ್ಳಗಿನದೇನು ಕುಡಿದರೂ ನೆತ್ತಿಗೆ ಹತ್ತುತ್ತಿತ್ತು. ಊಟದುದ್ದಕ್ಕೂ ಭಾವಮೈದ ಆಗಾಗ ಏನೋ ಹೇಳಿದ, ಇವನು ಗಡಿಯಾರ ನೋಡುತ್ತಾ ಹೂಂಗುಟ್ಟಿದ. ಮತ್ತೆ ಹೋಗಿ ಕೂತ. ನೂರು ದಾಟಿದ ಮೇಲೆ ಕೆಲಸ ಚುರುಕಾಯಿತು. ಒಂದೇ ಸಲ ಕೇಳಿ ಟೈಪು ಮಾಡಿ ಆಮೇಲೆ ಫೈಲು ನೋಡಿದರೆ ಸರಿಯಿರುತ್ತಿತ್ತು. ಪುಟಗಳ ಅಭ್ಯಾಸವಾಗಿದೆ, ಅಷ್ಟೇ, ಎಂದುಕೊಂಡ. ನೂರ ಮೂವತ್ತನೆಯದರ ಹತ್ತಿರ, ಹೋದ ವರ್ಷದ ಯಾವುದೋ ದಿನದ್ದು, ತುಣುಕು ಮುಗಿದ ಮೇಲೂ ರೆಕಾರ್ಡಿಂಗು ನಿಂತಿರಲಿಲ್ಲ. ಭಾವಮೈದ ಕೋಲೂರಿಕೊಂಡು ಒಳಗೆ ಹೋದ ಸದ್ದು, ಬಾಗಿಲು. ಆಮೇಲೆ ಬಹಳ ಹೊತ್ತು ಏನಿಲ್ಲ. ಅವಳು ಮೂಗು ಸೀಟಿದಳು. ಹಾಳೆ ಮಗುಚಿದ ಸದ್ದು. 'ಬರಲ್ಲ ಇದು' ಎಂದಳು, ತನ್ನಷ್ಟಕ್ಕೇ. 'ಇನ್ನು ಬರಲ್ಲ. ಬಿಟ್ರೆ ಅವ್ನು ಎದೆ ಒಡ್ಕೊಂಡುಬಿಡ್ತಾನೆ.' ಆಮೇಲೆ ಅವಳ ಚಪ್ಪಲಿಯ ಸದ್ದು ಹತ್ತಿರ ಬಂದು ರೆಕಾರ್ಡಿಂಗು ನಿಂತಿತು. ಅವನು ಅದನ್ನು ಎರಡನೇ ಸಲ ಕೇಳಲಿಲ್ಲ. ಆ ದಿನದ ಹಾಳೆಯಲ್ಲಿ ಅವಳು ಉತ್ತಮ ಎಂದು ಬರೆದು ಕೆಳಗೆ ಗೆರೆ ಎಳೆದಿದ್ದಳು. ಅವನಿಗೆ ಹೆಂಡತಿಯ ಮೇಲೆ ಎಂದೂ ಇಲ್ಲದಷ್ಟು ಪ್ರೀತಿ ಉಕ್ಕಿ ಬಂತು, ಹಾಗೆಯೇ ಇಂಥದ್ದನ್ನು ಕದ್ದು ಕೇಳಿದ ತನ್ನ ಮೇಲೆ ಹೇಸಿಗೆಯೂ ಆಯಿತು.

ಮೂರೂವರೆಗೆ ತಂತ್ರಾಂಶ ಸಿದ್ಧ ಎಂದಿತು. ಲ್ಯಾಪ್‌ಟಾಪನ್ನು ಹಾಲಿಗೆ ತಂದು, ಆಫೀಸಿನ ಕೆಲಸವೇನೋ ಇದೆಯೆಂಬಂತೆ ತೆರೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡು ಭಾವಮೈದನ ಎದುರು ಕೂತ. ಚೆನ್ನಾಗಿ ಕೆಲಸ ಮಾಡಿದರೆ ಆಮೇಲೆ ತೋರಿಸಿದರಾಯಿತು, ಬೆರಗಾಗುತ್ತಾನೆ ಎಂದು ಅವನ ಲೆಕ್ಕ. ಅಷ್ಟೇ ಅಲ್ಲ, ಇವತ್ತು ಮೊದಲ ಸಲ ಸರಿಯಾದ ಮಾತಿಗೆ ಸರಿಯಾದ ಉತ್ತರ ಕೊಡುತ್ತೇನೆ, ಎರಡು ವರ್ಷದ ಸುಳ್ಳು ಯಾರಿಗೂ ಗೊತ್ತಾಗದೆ ಇಲ್ಲಿಗೆ ತೀರುತ್ತದೆ ಎಂಬ ಆಸೆ. 'ಏನಪ್ಪಾ, ಹೇಗಿದ್ದೀಯ?' ಎಂದ. ಭಾವಮೈದ ಚೆಂಡು ಹಿಸುಕುತ್ತಾ ಕಿಟಕಿಯ ಹೊರಗೆ ನೋಡಿದ. ಎದುರು ಮನೆಯ ಮಹಡಿಯಲ್ಲಿ ಯಾರೋ ಚಾಪೆ ಕೊಡವುತ್ತಿದ್ದರು. ಅವನು ಮಾತು ಶುರುಮಾಡಿದ. ತೆರೆಯ ಮೇಲೆ ಸ್ವಲ್ಪ ಹೊತ್ತು ಚುಕ್ಕಿಗಳಷ್ಟೇ ಓಡಿದವು. ಆಮೇಲೆ ಅಕ್ಷರಗಳು ಬಂದವು, ಮುರಿದು ಮುರಿದು, ಉಸಿರೆಳೆದುಕೊಂಡಂತೆ.

ಅಕ್ಕ ಹೋದಳು ಈಗ ಮಾತು
ಅಕ್ಕ ಎಲ್ಲ ಬರಿ ಕೊಳ್ಳು ತಾಳೆ
ಕೆಮ್ಮಿದರೂ ಬರಿ ಕೊಳ್ಳು ತಾಳೆ
ಭಾವ ಪಾಪ ಒಂದೂ ತಿಳಿಯ ಲ್ಲ
ತಿಳಿಯ ಲ್ಲ ಅಂತಲೇ ಹೇಳು ವುದು
ನಿಮಗೆ ತಿಳಿದರೆ ನಾನು ಎಲ್ಲಿ ಹೋಗಲಿ

ಅವನು ಕೊನೆಯ ಸಾಲನ್ನು ಎರಡು ಸಲ ಓದಿದ. ತಲೆಯೆತ್ತಿದಾಗ ಭಾವಮೈದ ಅವನನ್ನೇ ನೋಡುತ್ತಿದ್ದ, ಎಂದಿನಂತೆ, ಆರಾಮವಾಗಿ, ಅರ್ಧ ಮುಖದಲ್ಲಿ ನಗುತ್ತಾ. ಎರಡು ವರ್ಷದಿಂದ ಅವನಿಗೆ ಎಲ್ಲ ಗೊತ್ತಿತ್ತು. ತಾನು ಅಡಗಿಸಿಟ್ಟೆನೆಂದು ಬೀಗುತ್ತಿದ್ದುದು ಎದುರಿಗಿದ್ದವನಿಗೆ ಬಟ್ಟಬಯಲಾಗಿತ್ತು. ಕೆನ್ನೆಗಳು ಬಿಸಿಯಾದವು. ಆದರೆ ನಾಚಿಕೆಯ ಹಿಂದೆಯೇ ಇನ್ನೊಂದು ಬಂತು, ಅದು ನಾಚಿಕೆಗಿಂತ ದೊಡ್ಡದು. ಪ್ರತಿ ಮಾತನ್ನೂ ಕೇಳಿ, ತಿದ್ದಿ, ತಾರೀಖು ಹಾಕಿ ಎತ್ತಿಡುವ ಈ ಮನೆಯಲ್ಲಿ ಒಬ್ಬ ಮನುಷ್ಯ ತನ್ನ ಮನಸ್ಸಿನಲ್ಲಿದ್ದದ್ದನ್ನು ಹೊರಗೆ ಹಾಕಲು ಒಂದೇ ಒಂದು ಜಾಗ ಹುಡುಕಿಕೊಂಡಿದ್ದ, ಆ ಜಾಗ ತಾನು. ಅದಕ್ಕೆ ಬೇಕಾಗಿದ್ದ ಅರ್ಹತೆಯೆಂದರೆ ಏನೂ ಅರ್ಥವಾಗದೇ ಇರುವುದು. ಅದೊಂದು ತನ್ನಲ್ಲಿತ್ತು, ಅದನ್ನೂ ತೆಗೆಯಲು ಬೆಳಿಗ್ಗೆಯಿಂದ ಹೆಣಗಿದ್ದ. ತೆರೆಯ ಮೇಲೆ ಮತ್ತೆ ಚುಕ್ಕಿಗಳು ಓಡತೊಡಗಿದವು, ಇನ್ನೊಂದು ಸಾಲು ಬರುವುದರಲ್ಲಿತ್ತು. ಅವನು ಲ್ಯಾಪ್‌ಟಾಪ್ ಮುಚ್ಚಿದ. 'ಹೂಂ, ಖಂಡಿತ' ಎಂದ. ಭಾವಮೈದ ಮಾತು ಮುಂದುವರಿಸಿದ. ಒಂದು ನಿಮಿಷ ಇರಪ್ಪಾ, ಎಂದು ಹೇಳಿ ಅವನು ಒಳಗೆ ಹೋದ.

ತೆಗೆಯುವುದು ಸುಲಭವಾಗಿತ್ತು. ಹಾಕುವಾಗ ಮೂರು ಸಲ ಹೆದರಿಸಿದ್ದ ಪೆಟ್ಟಿಗೆ ತೆಗೆಯುವಾಗ ಒಂದು ಮಾತೂ ಕೇಳಲಿಲ್ಲ. ಕಲಿತದ್ದೆಲ್ಲ ಅಳಿಸಿಹೋಯಿತು, ಹಳೆಯ ಕಡತ ಹೋಗಿ ಹೊಸದು ತನ್ನ ಜಾಗಕ್ಕೆ ಬಂತು, ಈ ಸಲ ಕಾಪಿ ತೆಗೆದಿಟ್ಟುಕೊಂಡು ಆಮೇಲೇ ಗುರುತು ಹಾಕಿದ. ಅಂಗಿಗಳನ್ನು ಮೊದಲಿನಂತೆ ಸರಿಸಿ ಬೀರು ಮುಚ್ಚಿದ. ಫೈಲನ್ನು ಅದರ ಜಾಗದಲ್ಲಿಟ್ಟ. ಎಲ್ಲ ಬೆಳಿಗ್ಗೆ ಇದ್ದ ಹಾಗಾಯಿತು ಎಂದುಕೊಂಡು ಮುಖ ತೊಳೆದುಕೊಂಡ. ಇನ್ನು ಮೊದಲಿನಂತೆ ಹೂಂಗುಟ್ಟಿಕೊಂಡು ಇದ್ದುಬಿಡಬಹುದು, ಈಗ ಅದರಲ್ಲಿ ಮೋಸವೂ ಇಲ್ಲ, ಎಂದು ಸಮಾಧಾನವೂ ಆಯಿತು. ಐದೂವರೆಗೆ ಹೆಂಡತಿ ಬಂದಳು. ಸೀರೆಯ ಪಿನ್ನು ತೆಗೆಯುತ್ತಾ ಬೀರು ತೆರೆದವಳು, 'ರೀ, ನಿಮ್ಮ ಅಂಗಿಗಳೆಲ್ಲ ಯಾಕೆ ಬೆಚ್ಚಗಿವೆ?' ಎಂದಳು. 'ಪೆಟ್ಟಿಗೆ ಏನೋ ಅಪ್‌ಡೇಟ್ ಮಾಡ್ಕೊಳ್ತಿತ್ತು' ಎಂದ. ಹಾಗಾ, ಎಂದು ಅಡುಗೆಮನೆಗೆ ಹೋದಳು.

ಹಾಲಿನಲ್ಲಿ ಸಂಜೆಯ ಬಿಸಿಲು ಗೋಡೆಯ ಮೇಲೆ ಓರೆಯಾಗಿ ಬಿದ್ದಿತ್ತು. ಅವನು ಭಾವಮೈದನ ಎದುರು ಪೇಪರು ಬಿಡಿಸಿ ಕೂತ. ಅಡುಗೆಮನೆಯಲ್ಲಿ ನಲ್ಲಿ ಸುರಿಯುತ್ತಿತ್ತು, ಪಾತ್ರೆಗಳ ಸದ್ದು. ಆ ಸದ್ದಿನ ಮರೆಯಲ್ಲಿ ಭಾವಮೈದ ತಗ್ಗಿದ ದನಿಯಲ್ಲಿ ಮಾತು ಶುರುಮಾಡಿದ. ಅಅಎ ಆಆಇಎ ಆಅ. ಇವನು ಅಭ್ಯಾಸದಂತೆ ಪೇಪರಿನಿಂದ ಕಣ್ಣೆತ್ತದೆ ತಲೆಯಾಡಿಸಿದ. ತಲೆ ಅರ್ಧಕ್ಕೆ ನಿಂತಿತು. ನನಗೆ ಸಾಕಾಗಿದೆ ಭಾವ. ಅವನು ಊಹಿಸಲಿಲ್ಲ, ಬಿಡಿಸಲಿಲ್ಲ. ಪಕ್ಕದ ಮನೆಯವರ ಮಾತು ಕಿವಿಗೆ ಬೀಳುವ ಹಾಗೆ ತಾನಾಗಿಯೇ ಬಿತ್ತು. ಮುಂದಿನದೂ ಬಿತ್ತು, ಅದರ ಮುಂದಿನದೂ. ನೂರೈವತ್ತು ತುಣುಕುಗಳನ್ನು ಮೂರು ಮೂರು ಸಲ ಕೇಳಿದ್ದು ಪೆಟ್ಟಿಗೆಯೊಂದೇ ಅಲ್ಲ. ಅಲ್ಲಿಂದ ಅಳಿಸಿದ್ದ, ತನ್ನ ಕಿವಿಯಿಂದ ಅಳಿಸುವುದು ಹೇಗೆ? ಎದ್ದು ಹೋಗಬೇಕೆನಿಸಿತು. ಎದ್ದರೆ ಇವನಿಗೆ ಗೊತ್ತಾಗುತ್ತದೆ. ಅವನು ಪೇಪರನ್ನು ಇನ್ನಷ್ಟು ಎತ್ತರಕ್ಕೆ ಹಿಡಿದು ಕೂತ. ಅದರಾಚೆಯಿಂದ ಭಾವಮೈದ ಹೇಳುತ್ತಿದ್ದ: 'ಈ ಬಾಗಿಲು, ಕಿಟಕಿ ಎಲ್ಲ ಸಾಕು ಭಾವ. ಬರೋದು ಬಂತು, ಇನ್ನು ಬರಲ್ಲ. ನಂಗೆ ಈಗ ಅದರ ದುಃಖಾನೂ ಇಲ್ಲ. ದಿನಾ ಕೂತ್ಕೊಳ್ಳೋದು ಅಕ್ಕನಿಗೋಸ್ಕರ. ನಾನು ಬಿಟ್ಟೆ ಅಂದ್ರೆ ಅವಳು ಕುಸಿದುಹೋಗ್ತಾಳೆ. ಎಷ್ಟು ಆಸೆ ಇಟ್ಕೊಂಡಿದ್ದಾಳೆ ನೋಡಿ. ಇನ್ನೆಷ್ಟು ವರ್ಷ ಹೀಗೆ ನಾಟಕ ಆಡ್ಲಿ, ನೀವೇ ಹೇಳಿ.'

ಪೇಪರಿನ ಅಕ್ಷರಗಳು ಕಲಸಿಹೋದವು. ಅಕ್ಕ ತಮ್ಮ ಇಬ್ಬರೂ ಒಬ್ಬರಿಗಾಗಿ ಒಬ್ಬರು ದಿನಾ ಇಪ್ಪತ್ತು ನಿಮಿಷ ಎದುರುಬದುರು ಕೂತು ಸುಳ್ಳು ಹೇಳುತ್ತಿದ್ದರು, ಅದನ್ನು ಬಲ್ಲವನು ಲೋಕದಲ್ಲಿ ತಾನೊಬ್ಬನೇ. ಒಂದು ಮಾತು ಆಡಿದರೆ ಇಬ್ಬರಿಗೂ ಬಿಡುಗಡೆ. ಆ ಒಂದು ಮಾತು ಆಡಬೇಕಾದರೆ ಒಬ್ಬಳು ಒಂಟಿಯಾಗಿ ಅತ್ತದ್ದನ್ನೂ, ಇನ್ನೊಬ್ಬ ಗೋಡೆಯೆಂದು ನಂಬಿ ಹೇಳಿಕೊಂಡದ್ದನ್ನೂ ಬೀದಿಗೆ ತಂದಂತೆ. ಆಡದಿದ್ದರೆ ಈ ನಾಟಕ ಎಷ್ಟು ವರ್ಷವೋ. ಯಾವುದು ಸರಿಯೆಂದು ಹೇಳುವ ಪಟ್ಟಿ ಅವನ ಬಳಿ ಇರಲಿಲ್ಲ. ಭಾವಮೈದ ಉತ್ತರಕ್ಕೆ ಕಾಯುವವನಂತೆ ಸುಮ್ಮನಾದ. ಅವನು ಯಾವ ಉತ್ತರಕ್ಕೆ ಕಾಯುತ್ತಿದ್ದಾನೆಂದು ಇವನಿಗೆ ಗೊತ್ತಿತ್ತು. ಪೇಪರು ಇಳಿಸಿದ. ಮುಖದ ಮೇಲೆ ಎಂದಿನ ಪೆದ್ದುತನವನ್ನು ತಂದುಕೊಳ್ಳಲು ಎಂದೂ ಪಡದಷ್ಟು ಕಷ್ಟಪಟ್ಟ. 'ಹೂಂ' ಎಂದ. 'ಖಂಡಿತ.' ಭಾವಮೈದ ಹಗುರಾದವನಂತೆ ಕುರ್ಚಿಗೊರಗಿದ.

ಅಡುಗೆಮನೆಯಲ್ಲಿ ನಲ್ಲಿ ನಿಂತಿತು. 'ಏನಂತೆ ಅವ್ನು?' ಎಂದು ಹೆಂಡತಿ ಕೂಗಿದಳು.

'ಗೊತ್ತಾಗ್ಲಿಲ್ಲ ಕಣೇ' ಎಂದ.

ಅವಳು ಕೈಯಲ್ಲಿ ಬಟ್ಟೆ ಹಿಡಿದೇ ಬಾಗಿಲಿಗೆ ಬಂದಳು. ಈ ಮಾತನ್ನು ಅವನ ಬಾಯಲ್ಲಿ ಅವಳು ಕೇಳಿರಲೇ ಇಲ್ಲ. 'ಗೊತ್ತಾಗ್ಲಿಲ್ವಾ? ಹಾಗಾದ್ರೆ ಇನ್ನೊಂದ್ಸಲ ಕೇಳ್ರಿ. ಕೇಳಿದ್ರೆ ಹೇಳ್ತಾನೆ. ಅದರಲ್ಲಿ ಸಂಕೋಚ ಏನು?' ಎಂದಳು. ಅವನು ಭಾವಮೈದನತ್ತ ತಿರುಗಿದ. 'ಇನ್ನೊಂದ್ಸಲ ಹೇಳಪ್ಪಾ' ಎಂದ.

ಭಾವಮೈದ ಅಕ್ಕನನ್ನು ನೋಡಿದ, ಭಾವನನ್ನು ನೋಡಿದ. ಬೆನ್ನು ನೇರ ಮಾಡಿಕೊಂಡ. ತುಟಿಗಳನ್ನು ಅವಳು ಕಲಿಸಿದ ಹಾಗೆ ಹೊಂದಿಸಿಕೊಂಡು, ಉಸಿರೆಳೆದು, ಗಟ್ಟಿಯಾಗಿ, 'ಈ... ಉ' ಎಂದ.

'ನೀರು!' ಹೆಂಡತಿ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ನಕ್ಕಳು. 'ನೀರಂತೆ ರೀ. ನೋಡಿದ್ರಾ, ಎಷ್ಟು ಸ್ಪಷ್ಟವಾಗಿ ಬಂತು ಇವತ್ತು!'

ಅವನು ಎದ್ದು ಹೋಗಿ, ಲೋಟಕ್ಕೆ ನೀರು ಬಗ್ಗಿಸಿ, ನೆತ್ತಿಗೆ ಹತ್ತದಂತೆ ಗಟ್ಟಿಯಾಗಿಸುವ ಪುಡಿಯನ್ನು ಎರಡು ಚಮಚ ಬೆರೆಸಿ ತಂದ. ಹೆಂಡತಿ ಫೈಲು ತೆರೆದು ತಾರೀಖು ಹಾಕುತ್ತಿದ್ದಳು. ಭಾವಮೈದ ಎರಡೂ ಕೈಯಲ್ಲಿ ಲೋಟ ಹಿಡಿದುಕೊಂಡ. ಅವನಿಗೆ ಬಾಯಾರಿಕೆಯಿರಲಿಲ್ಲ. ಅವಳು ಬರೆದು ಮುಗಿಸುವವರೆಗೆ, ಒಂದೊಂದೇ ಗುಟುಕಾಗಿ, ಅಷ್ಟನ್ನೂ ಕುಡಿದ.